ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ತಯಾರಕರ ಬದಲಾವಣೆ

ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ತಯಾರಕರ ಬದಲಾವಣೆ ಎಂದರೆ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯುಳ್ಳ ಗಣಕಯಂತ್ರದಿಂದ ಒಂದು ಸಂಸ್ಥೆಯ ಗ್ರಾಫಿಕ್ಸ್ ಕಾರ್ಡನ್ನು ತೆಗೆದು ಮತ್ತೊಂದು ಸಂಸ್ಥೆಯ ಕಾರ್ಡನ್ನು ಜೋಡಿಸುವುದು ಹಾಗೂ ಅದಕ್ಕೆ ಅನುಗುಣವಾಗಿ ಚಾಲಕ ತಂತ್ರಾಂಶವನ್ನೂ ಸಂರಚನೆಯನ್ನೂ ಮಾರ್ಪಡಿಸುವುದು. ವೈಯಕ್ತಿಕ ಗಣಕಯಂತ್ರಗಳಿಗೆ ಗ್ರಾಫಿಕ್ಸ್ ಚಿಪ್‌ಗಳನ್ನು ರೂಪಿಸುವ ಪ್ರಮುಖ ಸಂಸ್ಥೆಗಳು ಮೂರು: ಎನ್ವಿಡಿಯಾ, ಎಎಂಡಿ ಮತ್ತು ಇಂಟೆಲ್. ಕಾರ್ಡನ್ನು ಕಳಚಿ ಜೋಡಿಸುವುದು ಕೆಲವೇ ನಿಮಿಷಗಳ ಕೆಲಸ. ಉಳಿದ ಕೆಲಸ ಎಷ್ಟು ಎಂಬುದು ಯಾವ ಸಂಸ್ಥೆಯಿಂದ ಯಾವ ಸಂಸ್ಥೆಗೆ ಹೋಗಲಾಗುತ್ತಿದೆ ಎಂಬುದನ್ನು ಅವಲಂಬಿಸಿದೆ. ಎಎಂಡಿ ಮತ್ತು ಇಂಟೆಲ್ ಕಾರ್ಡುಗಳ ಚಾಲಕಗಳು ಲಿನಕ್ಸ್ ಕರ್ನಲ್‌ನ ಒಳಗೇ ಇವೆ. ಎನ್ವಿಡಿಯಾ ಸಂಸ್ಥೆಯ ಸ್ವಂತ ಚಾಲಕವು ಕರ್ನಲ್‌ನ ಹೊರಗಿದೆ. ಈ ಒಂದು ವ್ಯತ್ಯಾಸದಿಂದಾಗಿ ಎನ್ವಿಡಿಯಾದಿಂದ ಹೊರಬರುವುದು ಹೆಚ್ಚಾಗಿ ಹಳೆಯದನ್ನು ತೆಗೆದುಹಾಕುವ ಕೆಲಸವಾಗುತ್ತದೆ. ಎನ್ವಿಡಿಯಾಕ್ಕೆ ಹೋಗುವುದು ಹೊಸದನ್ನು ಸೇರಿಸಿ, ಅದನ್ನು ಕರ್ನಲ್‌ನೊಡನೆ ಸದಾ ಹೊಂದಿಸಿಕೊಂಡು ಹೋಗುವ ಕೆಲಸವಾಗುತ್ತದೆ.

ಕಾರ್ಡಿನ ಪೆಟ್ಟಿಗೆಯ ಮೇಲಿರುವ ಹೆಸರು ಇಲ್ಲಿ ಮುಖ್ಯವಲ್ಲ. ಏಸಸ್, ಗಿಗಾಬೈಟ್, ಎಂಎಸ್‌ಐ ಮುಂತಾದ ಸಂಸ್ಥೆಗಳು ಎನ್ವಿಡಿಯಾ ಮತ್ತು ಎಎಂಡಿಗಳ ಚಿಪ್‌ಗಳನ್ನು ಬಳಸಿ ತಮ್ಮ ಹೆಸರಿನಲ್ಲಿ ಕಾರ್ಡುಗಳನ್ನು ತಯಾರಿಸುತ್ತವೆ. ಒಂದೇ ಚಿಪ್ ಇರುವ ಗಿಗಾಬೈಟ್ ಕಾರ್ಡನ್ನು ತೆಗೆದು ಏಸಸ್ ಕಾರ್ಡನ್ನು ಹಾಕಿದರೆ ಲಿನಕ್ಸ್‌ನ ದೃಷ್ಟಿಯಲ್ಲಿ ತಯಾರಕರು ಬದಲಾದಂತಾಗುವುದಿಲ್ಲ. ಚಿಪ್ ಯಾರದು ಎಂಬುದೇ ಚಾಲಕವನ್ನು ನಿರ್ಧರಿಸುತ್ತದೆ.

ಕರ್ನಲ್ ಕಾರ್ಡನ್ನು ಗುರುತಿಸುವ ಬಗೆ

ಗ್ರಾಫಿಕ್ಸ್ ಕಾರ್ಡು ಪಿಸಿಐ ಎಕ್ಸ್‌ಪ್ರೆಸ್ ಎಂಬ ಸಂಪರ್ಕದ ಮೂಲಕ ಮದರ್‌ಬೋರ್ಡಿಗೆ ಸೇರುತ್ತದೆ. ಈ ಸಂಪರ್ಕದಲ್ಲಿರುವ ಪ್ರತಿಯೊಂದು ಸಾಧನವೂ ತಯಾರಕರ ಸಂಖ್ಯೆ ಮತ್ತು ಸಾಧನದ ಸಂಖ್ಯೆ ಎಂಬ ಎರಡು ಗುರುತುಗಳನ್ನು ಹೊತ್ತಿರುತ್ತದೆ. ಎಎಂಡಿ ಗ್ರಾಫಿಕ್ಸ್ ಚಿಪ್‌ಗಳ ತಯಾರಕ ಸಂಖ್ಯೆ 1002. ಇದು ಮೂಲತಃ ಎಟಿಐ ಸಂಸ್ಥೆಯದಾಗಿತ್ತು. ಇಂಟೆಲ್‌ನ ಸಂಖ್ಯೆ 8086, ಅಂದರೆ ಆ ಸಂಸ್ಥೆಯ ಪ್ರಸಿದ್ಧ ಹಳೆಯ ಸಂಸ್ಕಾರಕದ ಹೆಸರೇ. ಗಣಕಯಂತ್ರ ಪ್ರತಿ ಬಾರಿ ಆರಂಭವಾಗುವಾಗಲೂ ಕರ್ನಲ್ ಈ ಸಂಖ್ಯೆಗಳನ್ನು ಓದಿ, ಅವುಗಳಿಗೆ ಹೊಂದುವ ಚಾಲಕ ಮಾಡ್ಯೂಲನ್ನು ಹುಡುಕಿ ಸ್ಮೃತಿಗೆ ತುಂಬಿಕೊಳ್ಳುತ್ತದೆ. ಕಳೆದ ಬಾರಿ ಯಾವ ಕಾರ್ಡು ಇತ್ತು ಎಂಬುದನ್ನು ಅದು ನೆನಪಿಟ್ಟುಕೊಳ್ಳುವುದಿಲ್ಲ.

ಆದ್ದರಿಂದ ಕಾರ್ಡು ಬದಲಾದರೆ ಇಡೀ ವ್ಯವಸ್ಥೆಯನ್ನು ಅಳಿಸಿ ಮತ್ತೆ ಸ್ಥಾಪಿಸಬೇಕೆಂಬ ಸಾಮಾನ್ಯ ಸಲಹೆಗೆ ಆಧಾರವಿಲ್ಲ. ನೆನಪಿಟ್ಟುಕೊಳ್ಳುವುದು ಕರ್ನಲ್ ಅಲ್ಲ, ಹಳೆಯ ಕಾರ್ಡಿಗಾಗಿ ಬಳಕೆದಾರರು ಅಥವಾ ಅನುಸ್ಥಾಪನಾ ತಂತ್ರಾಂಶಗಳು ಬರೆದಿಟ್ಟ ಸಂರಚನಾ ಕಡತಗಳು. ತಯಾರಕರ ಬದಲಾವಣೆಯ ನಂತರ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಬಹುಪಾಲು ಈ ಉಳಿಕೆಗಳಿಂದ ಹುಟ್ಟುವಂಥವು.

ಚಾಲಕದ ಪದರಗಳು

ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಚಾಲಕ ಎಂಬುದು ಒಂದೇ ತಂತ್ರಾಂಶವಲ್ಲ. ಕೆಳಗಿನ ಪದರ ಕರ್ನಲ್ ಮಾಡ್ಯೂಲ್. ಪರದೆಯ ವಿಭೇದನವನ್ನು ನಿಗದಿಪಡಿಸುವುದು, ಕಾರ್ಡಿನ ಸ್ಮೃತಿಯನ್ನು ಹಂಚುವುದು, ವಿದ್ಯುತ್ ಬಳಕೆಯನ್ನು ನಿಯಂತ್ರಿಸುವುದು ಅದರ ಕೆಲಸ. ಅದರ ಜೊತೆಗೆ ಫರ್ಮ್‌ವೇರ್ ಇದೆ. ಇದು ಕಾರ್ಡಿನೊಳಗಿನ ಸಣ್ಣ ಸಂಸ್ಕಾರಕಗಳಿಗೆ ತುಂಬಬೇಕಾದ ಸಂಕೇತವಾಗಿದ್ದು, ಕರ್ನಲ್‌ನಿಂದ ಪ್ರತ್ಯೇಕವಾದ ಪ್ಯಾಕೇಜಿನಲ್ಲಿ ಬರುತ್ತದೆ. ಮೇಲಿನ ಪದರದಲ್ಲಿ ಓಪನ್‌ಜಿಎಲ್, ವಲ್ಕನ್ ಮುಂತಾದ ಚಿತ್ರರಚನಾ ಮಾನದಂಡಗಳನ್ನು ಅನುಷ್ಠಾನಗೊಳಿಸುವ ಗ್ರಂಥಾಲಯಗಳಿವೆ. ಆಟಗಳು, ಜಾಲವೀಕ್ಷಕಗಳು ಮತ್ತು ಡೆಸ್ಕ್‌ಟಾಪ್ ಪರಿಸರಗಳು ಮಾತನಾಡುವುದು ಇವುಗಳೊಂದಿಗೆ.

ಎಎಂಡಿ ಮತ್ತು ಇಂಟೆಲ್ ಕಾರ್ಡುಗಳಿಗೆ ಮೇಲಿನ ಪದರವನ್ನು ಒದಗಿಸುವುದು ಮೆಸಾ ಎಂಬ ಮುಕ್ತ ತಂತ್ರಾಂಶ. ಬ್ರಯನ್ ಪಾಲ್ 1993ರಲ್ಲಿ ಆರಂಭಿಸಿದ ಈ ಯೋಜನೆ ಇಂದು ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ಡೆಸ್ಕ್‌ಟಾಪ್ ವಿತರಣೆಗಳಲ್ಲಿ ಮೊದಲಿನಿಂದಲೇ ಇರುತ್ತದೆ. ಎನ್ವಿಡಿಯಾದ ಸ್ವಂತ ಚಾಲಕವು ಮೆಸಾವನ್ನು ಬಳಸದೆ ತನ್ನದೇ ಗ್ರಂಥಾಲಯಗಳನ್ನು ತರುತ್ತದೆ. ಹಿಂದೆ ಈ ಎರಡೂ ಒಂದೇ ಹೆಸರಿನ ಕಡತಕ್ಕಾಗಿ ಜಗಳವಾಡುತ್ತಿದ್ದವು. ಎನ್ವಿಡಿಯಾದ ಅನುಸ್ಥಾಪಕವು ಮೆಸಾದ ಓಪನ್‌ಜಿಎಲ್ ಕಡತದ ಮೇಲೆಯೇ ತನ್ನ ಕಡತವನ್ನು ಬರೆಯುತ್ತಿತ್ತು. ಕಾರ್ಡನ್ನು ಬದಲಿಸಿದವರಿಗೆ ಚಿತ್ರವೇ ಮೂಡದಂತಾಗುತ್ತಿತ್ತು. ಹಲವು ತಯಾರಕರ ಗ್ರಂಥಾಲಯಗಳು ಒಂದೇ ಗಣಕದಲ್ಲಿ ಜೊತೆಯಾಗಿರಲು ಅವಕಾಶ ಕೊಡುವ ಜಿಎಲ್‌ವಿಎನ್‌ಡಿ ಎಂಬ ಮಧ್ಯಸ್ಥ ಗ್ರಂಥಾಲಯವು ಬಳಕೆಗೆ ಬಂದ ಮೇಲೆ ಈ ಜಗಳ ನಿಂತಿದೆ. ಹಳೆಯ ಮಾರ್ಗದರ್ಶಿಗಳಲ್ಲಿ ಕಾಣುವ, ಕಡತಗಳನ್ನು ಕೈಯಾರೆ ಅಳಿಸುವ ಸೂಚನೆಗಳು ಆ ಕಾಲಕ್ಕೆ ಸೇರಿದವು. ಇಂದು ಅವುಗಳನ್ನು ಪಾಲಿಸಿದರೆ ಲಾಭಕ್ಕಿಂತ ಹಾನಿಯೇ ಹೆಚ್ಚು.

ಮೂರು ಸಂಸ್ಥೆಗಳು, ಎರಡು ಮಾರ್ಗಗಳು

ಇಂಟೆಲ್ ಮೊದಲಿನಿಂದಲೂ ತನ್ನ ಚಾಲಕಗಳನ್ನು ಕರ್ನಲ್‌ನೊಳಗೇ ಬೆಳೆಸಿದೆ. ಪರದೆಯ ವಿಭೇದನವನ್ನು ಕರ್ನಲ್ಲೇ ನಿರ್ವಹಿಸುವ ಪದ್ಧತಿ 2009ರಲ್ಲಿ ಲಿನಕ್ಸ್ 2.6.29ರಲ್ಲಿ ಮೊದಲು ಬಂದದ್ದು ಇಂಟೆಲ್ ಚಿಪ್‌ಗಳಿಗಾಗಿ. ಅದರ ಐ915 ಚಾಲಕವು ದೀರ್ಘಕಾಲ ಬಳಕೆಯಲ್ಲಿದೆ. ಹೊಸ ಚಿಪ್‌ಗಳಿಗಾಗಿ ಬರೆದ ಎಕ್ಸ್‌ಇ ಚಾಲಕವು 2024ರಲ್ಲಿ ಲಿನಕ್ಸ್ 6.8ರೊಂದಿಗೆ ಸೇರ್ಪಡೆಯಾಯಿತು.

ಎಎಂಡಿಯ ಕಥೆ ದಿಕ್ಕು ಬದಲಿಸಿದ ಕಥೆ. 2006ರಲ್ಲಿ ಎಟಿಐ ಸಂಸ್ಥೆಯನ್ನು ಕೊಂಡುಕೊಂಡಾಗ ಅದರ ಲಿನಕ್ಸ್ ಚಾಲಕವು ಸ್ವಾಮ್ಯದ ತಂತ್ರಾಂಶವಾಗಿತ್ತು ಮತ್ತು ಬಳಕೆದಾರರಲ್ಲಿ ಒಳ್ಳೆಯ ಹೆಸರನ್ನು ಪಡೆದಿರಲಿಲ್ಲ. 2007ರಲ್ಲಿ ಎಎಂಡಿ ತನ್ನ ಚಿಪ್‌ಗಳ ತಾಂತ್ರಿಕ ವಿವರಗಳನ್ನು ಪ್ರಕಟಿಸಲು ಮತ್ತು ಮುಕ್ತ ಚಾಲಕವನ್ನು ಬೆಂಬಲಿಸಲು ನಿರ್ಧರಿಸಿತು. 2015ರಲ್ಲಿ ಲಿನಕ್ಸ್ 4.2ರೊಂದಿಗೆ ಎಎಂಡಿಜಿಪಿಯು ಎಂಬ ಹೊಸ ಚಾಲಕ ಕರ್ನಲ್‌ಗೆ ಸೇರಿತು. ವಲ್ಕನ್‌ಗಾಗಿ ಮೆಸಾದಲ್ಲಿರುವ ಆರ್‌ಎಡಿವಿ ಚಾಲಕವನ್ನು 2016ರಲ್ಲಿ ಆರಂಭಿಸಿದವರು ಎಎಂಡಿಯ ನೌಕರರಲ್ಲ, ಡೇವ್ ಏರ್ಲಿ ಮತ್ತು ಬಾಸ್ ನ್ಯೂವೆನ್‌ಹೌಜೆನ್ ಎಂಬ ಹೊರಗಿನ ಅಭಿವರ್ಧಕರು. ಇದು ಮುಂದೆ ಲಿನಕ್ಸ್ ಆಟಗಾರರ ಮೆಚ್ಚಿನ ಚಾಲಕವಾಯಿತು. ಎಎಂಡಿ ಚಿಪ್ಪನ್ನು ಹೊಂದಿ 2022ರಲ್ಲಿ ಮಾರುಕಟ್ಟೆಗೆ ಬಂದ ಸ್ಟೀಮ್ ಡೆಕ್ ಎಂಬ ಕೈಯಾಟಿಕೆಯು ಬಳಸುವುದೂ ಇದನ್ನೇ.

ಎನ್ವಿಡಿಯಾ ತನ್ನ ಚಾಲಕವನ್ನು ದೀರ್ಘಕಾಲ ಮುಚ್ಚಿಟ್ಟುಕೊಂಡಿತ್ತು. ಅದರ ಕಾರ್ಯಕ್ಷಮತೆ ಉತ್ತಮವಾಗಿದ್ದರೂ ಆಕರ ಸಂಕೇತವಿಲ್ಲದ ಚಾಲಕವನ್ನು ಕರ್ನಲ್ ಅಭಿವರ್ಧಕರು ದುರಸ್ತಿ ಮಾಡುವಂತಿರಲಿಲ್ಲ. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಸಭಿಕರೊಬ್ಬರ ಪ್ರಶ್ನೆಗೆ ಉತ್ತರಿಸುತ್ತ ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಈ ಸಂಸ್ಥೆಯನ್ನು ಕಟುವಾದ ಮಾತಿನಲ್ಲೂ ಸನ್ನೆಯಲ್ಲೂ ಟೀಕಿಸಿದ್ದು ಬಹಳ ಪ್ರಚಾರ ಪಡೆಯಿತು. ಸ್ವಯಂಸೇವಕರು ಚಿಪ್‌ಗಳ ವರ್ತನೆಯನ್ನು ಹೊರಗಿನಿಂದ ಗಮನಿಸಿ ಬರೆದ ನೂವೋ ಎಂಬ ಮುಕ್ತ ಚಾಲಕವು 2010ರಲ್ಲಿ ಲಿನಕ್ಸ್ 2.6.33ರಲ್ಲಿ ಸೇರಿತು. ಫ್ರೆಂಚ್ ಭಾಷೆಯಲ್ಲಿ ಈ ಪದಕ್ಕೆ ಹೊಸದು ಎಂದರ್ಥ. ಆದರೆ 2014ರ ಜಿಟಿಎಕ್ಸ್ 900 ಸರಣಿಯಿಂದ ಎನ್ವಿಡಿಯಾ ತನ್ನ ಸಹಿಯುಳ್ಳ ಫರ್ಮ್‌ವೇರನ್ನು ಕಡ್ಡಾಯಗೊಳಿಸಿದ್ದರಿಂದ, ಕಾರ್ಡಿನ ವೇಗವನ್ನು ಏರಿಸುವ ದಾರಿ ನೂವೋಗೆ ಮುಚ್ಚಿಹೋಯಿತು. ಆ ಕಾರ್ಡುಗಳು ನೂವೋ ಅಡಿಯಲ್ಲಿ ತಮ್ಮ ಶಕ್ತಿಯ ಅಲ್ಪಾಂಶದಲ್ಲಷ್ಟೇ ಓಡಬಲ್ಲವು.

2022ರ ಮೇ ತಿಂಗಳಲ್ಲಿ ಎನ್ವಿಡಿಯಾ ತನ್ನ ಕರ್ನಲ್ ಮಾಡ್ಯೂಲುಗಳ ಆಕರ ಸಂಕೇತವನ್ನು ಮುಕ್ತಗೊಳಿಸಿತು. ಇದು 2018ರಲ್ಲಿ ಬಂದ ಟ್ಯೂರಿಂಗ್ ಪೀಳಿಗೆ ಮತ್ತು ನಂತರದ ಕಾರ್ಡುಗಳಿಗೆ ಮಾತ್ರ ಅನ್ವಯಿಸುತ್ತದೆ. ಹೆಸರಿನಲ್ಲಿರುವ ಮುಕ್ತ ಎಂಬ ಪದ ತಪ್ಪು ತಿಳಿವಳಿಕೆಗೆ ಎಡೆಮಾಡಬಾರದು: ಮೇಲಿನ ಪದರದ ಗ್ರಂಥಾಲಯಗಳು ಈಗಲೂ ಸ್ವಾಮ್ಯದವೇ, ಮತ್ತು ಮಾಡ್ಯೂಲುಗಳು ಇಂದಿಗೂ ಕರ್ನಲ್‌ನ ಹೊರಗೇ ಇವೆ. ಇದರ ನಡುವೆ ನೂವೋ ಆಧಾರದ ಮೇಲೆ ಎನ್‌ವಿಕೆ ಎಂಬ ವಲ್ಕನ್ ಚಾಲಕ ಮೆಸಾದಲ್ಲಿ ಬೆಳೆಯುತ್ತಿದೆ. ರಸ್ಟ್ ಭಾಷೆಯಲ್ಲಿ ಬರೆಯಲಾಗುತ್ತಿರುವ ನೋವಾ ಎಂಬ ಕರ್ನಲ್ ಚಾಲಕದ ಮೊದಲ ಭಾಗಗಳು 2025ರಲ್ಲಿ ಲಿನಕ್ಸ್ 6.15ರಲ್ಲಿ ಸೇರಿವೆ.

ಬದಲಾವಣೆಗೆ ಕಾರಣಗಳು

ಹೆಚ್ಚಿನವರು ಬೆಲೆ ಮತ್ತು ವೇಗವನ್ನು ನೋಡಿ ಕಾರ್ಡು ಬದಲಿಸುತ್ತಾರೆ. ಲಿನಕ್ಸ್ ಬಳಕೆದಾರರಿಗೆ ಇನ್ನೊಂದು ಕಾರಣವೂ ಇದೆ. ಕರ್ನಲ್‌ನ ಹೊರಗಿರುವ ಚಾಲಕವು ಒಂದು ಪೀಳಿಗೆಯ ಕಾರ್ಡುಗಳಿಗೆ ಬೆಂಬಲವನ್ನು ನಿಲ್ಲಿಸಿದರೆ, ಕೆಟ್ಟುಹೋಗದ ಕಾರ್ಡು ಕೂಡ ಹೊಸ ಕರ್ನಲ್‌ಗಳೊಂದಿಗೆ ಕ್ರಮೇಣ ನಿರುಪಯುಕ್ತವಾಗುತ್ತದೆ. ಎನ್ವಿಡಿಯಾದ 580 ಸರಣಿಯ ಚಾಲಕವು ಮ್ಯಾಕ್ಸ್‌ವೆಲ್, ಪ್ಯಾಸ್ಕಲ್ ಮತ್ತು ವೋಲ್ಟಾ ಪೀಳಿಗೆಗಳನ್ನು ಬೆಂಬಲಿಸುವ ಕೊನೆಯ ಸರಣಿ. 2016ರಲ್ಲಿ ಬಂದು ಅತ್ಯಂತ ಜನಪ್ರಿಯವಾದ ಜಿಟಿಎಕ್ಸ್ 1060 ಕಾರ್ಡು ಪ್ಯಾಸ್ಕಲ್ ಪೀಳಿಗೆಯದು. ಅದೇ ವರ್ಷ ಬಂದ ಎಎಂಡಿಯ ಆರ್‌ಎಕ್ಸ್ 480 ಕಾರ್ಡನ್ನು ಕರ್ನಲ್‌ನೊಳಗಿನ ಚಾಲಕವು ಇಂದಿಗೂ ನಡೆಸುತ್ತದೆ, ಏಕೆಂದರೆ ಕರ್ನಲ್ ಬದಲಾದಾಗ ಅದರೊಳಗಿನ ಚಾಲಕವನ್ನೂ ಜೊತೆಗೇ ತಿದ್ದಲಾಗುತ್ತದೆ. ಹಳೆಯ ಗಣಕಗಳನ್ನು ಹಲವು ವರ್ಷ ಬಳಸಬೇಕಾದ ಶಾಲೆ ಮತ್ತು ಮನೆಗಳಿಗೆ ಈ ಅಂತರ ಸಣ್ಣದಲ್ಲ.

ವಿರುದ್ಧ ದಿಕ್ಕಿನ ಕಾರಣವೂ ಅಷ್ಟೇ ಗಟ್ಟಿಯಾದದ್ದು. ಯಂತ್ರಕಲಿಕೆ ಮತ್ತು ವೈಜ್ಞಾನಿಕ ಗಣನೆಯ ತಂತ್ರಾಂಶಗಳಲ್ಲಿ ಬಹಳಷ್ಟು ಎನ್ವಿಡಿಯಾದ ಕುಡಾ ವೇದಿಕೆಯನ್ನು ನಂಬಿ ಬರೆಯಲ್ಪಟ್ಟಿವೆ. ಈ ವಿಷಯಗಳನ್ನು ಓದುವ ವಿದ್ಯಾರ್ಥಿಗಳು ಎನ್ವಿಡಿಯಾದತ್ತ ಹೊರಳುವುದು ಹೆಚ್ಚಾಗಿ ಈ ಒಂದೇ ಕಾರಣಕ್ಕೆ.

ಯಂತ್ರಾಂಶದ ಸಿದ್ಧತೆ

ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು 75 ವ್ಯಾಟ್‌ಗಳವರೆಗೆ ವಿದ್ಯುತ್ ಕೊಡಬಲ್ಲದು. ಹೆಚ್ಚು ಬೇಕಾದ ಕಾರ್ಡುಗಳಿಗೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ತಂತಿ ಬೇಕು: ಆರು ಪಿನ್ನಿನ ಜೋಡಣೆಗೆ 75 ವ್ಯಾಟ್, ಎಂಟು ಪಿನ್ನಿನದಕ್ಕೆ 150 ವ್ಯಾಟ್ ಮಿತಿಯಿದೆ. ಎನ್ವಿಡಿಯಾದ ಹೊಸ ಕಾರ್ಡುಗಳಲ್ಲಿ ಬಹಳಷ್ಟು ಹದಿನಾರು ಪಿನ್ನಿನ ಬೇರೆಯೇ ಜೋಡಣೆಯನ್ನು ಬಳಸುತ್ತವೆ. ಹಳೆಯ ಎಸ್‌ಎಂಪಿಎಸ್ ಉಳಿಸಿಕೊಂಡು ತಯಾರಕರನ್ನು ಬದಲಿಸುವವರು ವ್ಯಾಟ್ ಎಣಿಕೆಯ ಜೊತೆಗೆ ಜೋಡಣೆಯ ಬಗೆಯನ್ನೂ ನೋಡಬೇಕಾಗುತ್ತದೆ. ಇಂಟೆಲ್‌ನ ಆರ್ಕ್ ಕಾರ್ಡುಗಳಿಗೆ ಮತ್ತೊಂದು ಅಗತ್ಯವಿದೆ. ಮದರ್‌ಬೋರ್ಡಿನ ಬಯಾಸ್‌ನಲ್ಲಿ ರೀಸೈಜಬಲ್ ಬಾರ್ ಎಂಬ ಸೌಲಭ್ಯವನ್ನು ಸಕ್ರಿಯಗೊಳಿಸದಿದ್ದರೆ ಅವುಗಳ ವೇಗ ಗಣನೀಯವಾಗಿ ಕುಗ್ಗುತ್ತದೆ. ಆ ಸೌಲಭ್ಯವೇ ಇಲ್ಲದ ಹಳೆಯ ಗಣಕಗಳಿಗೆ ಆರ್ಕ್ ಕಾರ್ಡು ಸೂಕ್ತವಲ್ಲ.

ಕರ್ನಲ್‌ನೊಳಗಿನ ಚಾಲಕಕ್ಕೂ ಒಂದು ಬೆಲೆಯಿದೆ: ಕಾರ್ಡಿಗಿಂತ ಕರ್ನಲ್ ಹೊಸದಾಗಿರಬೇಕು. 2023ರಲ್ಲಿ ಬಿಡುಗಡೆಯಾದ ಡೆಬಿಯನ್ 12 ವಿತರಣೆಯಲ್ಲಿ ಇರುವುದು ಲಿನಕ್ಸ್ 6.1. 2025ರ ಮಾರ್ಚ್‌ನಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 9070 ಕಾರ್ಡನ್ನು ಆ ಕರ್ನಲ್ ಅರಿಯದು. ಹೊಸ ಕರ್ನಲ್, ಹೊಸ ಮೆಸಾ ಮತ್ತು ಹೊಸ ಫರ್ಮ್‌ವೇರ್ ಮೂರನ್ನೂ ತಂದುಕೊಂಡರೆ ಮಾತ್ರ ಅದು ಸರಿಯಾಗಿ ಕೆಲಸ ಮಾಡುತ್ತದೆ. ಇಂಟೆಲ್‌ನ ಆರ್ಕ್ ಬಿ580 ಕಾರ್ಡಿಗೆ ಲಿನಕ್ಸ್ 6.12 ಅಥವಾ ಅದರ ನಂತರದ ಆವೃತ್ತಿ ಯೋಗ್ಯ. ಮೂರರಲ್ಲಿ ಹೆಚ್ಚಾಗಿ ಮರೆತುಹೋಗುವುದು ಫರ್ಮ್‌ವೇರ್. ಅದು ಇಲ್ಲದಿದ್ದರೆ ಎಎಂಡಿಜಿಪಿಯು ಮಾಡ್ಯೂಲ್ ಇದ್ದೂ ಕಾರ್ಡನ್ನು ಎಬ್ಬಿಸಲಾರದು. ಹೀಗಾಗಿ ಹಳೆಯ ಕಾರ್ಡು ಇನ್ನೂ ಒಳಗಿರುವಾಗಲೇ, ಪರದೆ ಸರಿಯಾಗಿ ಕಾಣುತ್ತಿರುವಾಗಲೇ, ವ್ಯವಸ್ಥೆಯನ್ನು ಪೂರ್ತಿ ನವೀಕರಿಸಿಕೊಳ್ಳುವುದು ಸುರಕ್ಷಿತ ಕ್ರಮ.

ಎನ್ವಿಡಿಯಾದಿಂದ ಎಎಂಡಿ ಅಥವಾ ಇಂಟೆಲ್‌ಗೆ

ಈ ದಿಕ್ಕಿನಲ್ಲಿ ಸೇರಿಸಬೇಕಾದದ್ದು ಕಡಿಮೆ. ಬಹಳಷ್ಟು ಗಣಕಗಳಲ್ಲಿ ಏನನ್ನೂ ಮಾಡದೆ ಕಾರ್ಡು ಬದಲಿಸಿದರೂ ಡೆಸ್ಕ್‌ಟಾಪ್ ಕಾಣಿಸಿಕೊಳ್ಳುತ್ತದೆ. ಎನ್ವಿಡಿಯಾ ಮಾಡ್ಯೂಲಿಗೆ ಹೊಂದುವ ಸಾಧನ ಸಿಗದೆ ಅದು ಸುಮ್ಮನಿರುತ್ತದೆ, ಎಎಂಡಿಜಿಪಿಯು ತಾನಾಗಿಯೇ ಎಚ್ಚರಗೊಳ್ಳುತ್ತದೆ. ಆದರೂ ಹಳೆಯ ಚಾಲಕವನ್ನು ಮೊದಲೇ ತೆಗೆದುಹಾಕುವುದು ಒಳಿತು. ಇಲ್ಲದಿದ್ದರೆ ಪ್ರತಿ ಕರ್ನಲ್ ನವೀಕರಣದಲ್ಲೂ ಬಳಕೆಯಿಲ್ಲದ ಮಾಡ್ಯೂಲನ್ನು ಗಣಕವು ಮತ್ತೆ ಮತ್ತೆ ಕಟ್ಟುತ್ತಿರುತ್ತದೆ.

ತೆಗೆಯುವ ವಿಧಾನವು ಚಾಲಕ ಬಂದ ದಾರಿಯನ್ನು ಅನುಸರಿಸಬೇಕು. ಉಬುಂಟುವಿನ ಭಂಡಾರದಿಂದ, ಫೆಡೋರಾದಲ್ಲಿ ಆರ್‌ಪಿಎಂ ಫ್ಯೂಷನ್ ಭಂಡಾರದಿಂದ ಅಥವಾ ಆರ್ಚ್‌ನ ಭಂಡಾರದಿಂದ ಬಂದ ಚಾಲಕವನ್ನು ಆಯಾ ಪ್ಯಾಕೇಜ್ ನಿರ್ವಾಹಕವೇ ಅಳಿಸಬಲ್ಲದು. ಎನ್ವಿಡಿಯಾದ ಜಾಲತಾಣದಿಂದ ನೇರವಾಗಿ ಇಳಿಸಿಕೊಂಡ ಅನುಸ್ಥಾಪಕದ ಮೂಲಕ ಬಂದ ಚಾಲಕದ ವಿಷಯ ಪ್ಯಾಕೇಜ್ ನಿರ್ವಾಹಕಕ್ಕೆ ತಿಳಿದಿರುವುದಿಲ್ಲ. ಅದನ್ನು ಅದೇ ಅನುಸ್ಥಾಪಕದ ಅಳಿಸುವ ಆಯ್ಕೆಯಿಂದಲೇ ತೆಗೆಯಬೇಕಾಗುತ್ತದೆ.

ನಂತರ ಉಳಿಕೆಗಳ ಶೋಧ. ಅತ್ಯಂತ ಕುಖ್ಯಾತವಾದದ್ದು ಎಕ್ಸ್‌ಆರ್ಗ್ ಪ್ರದರ್ಶನ ಸರ್ವರಿನ ಮುಖ್ಯ ಸಂರಚನಾ ಕಡತ. ಇಂದಿನ ಎಕ್ಸ್‌ಆರ್ಗ್‌ಗೆ ಇಂತಹ ಕಡತದ ಅಗತ್ಯವೇ ಇಲ್ಲ; ಅದು ಕಾರ್ಡನ್ನು ತಾನೇ ಗುರುತಿಸುತ್ತದೆ. ಆದರೆ ಎನ್ವಿಡಿಯಾದ ಸಂರಚನಾ ಸಾಧನವು ಈ ಕಡತವನ್ನು ಸೃಷ್ಟಿಸಿ ಅದರಲ್ಲಿ ಎನ್ವಿಡಿಯಾ ಚಾಲಕವನ್ನೇ ಬಳಸಬೇಕೆಂದು ಬರೆಯುತ್ತದೆ. ಕಾರ್ಡು ಹೋದ ಮೇಲೂ ಆ ಆಜ್ಞೆ ಉಳಿದಿರುತ್ತದೆ. ಸರ್ವರ್ ಇಲ್ಲದ ಕಾರ್ಡಿಗೆ ಕಾದು, ಯಾವುದೇ ಪರದೆ ಸಿಗಲಿಲ್ಲವೆಂಬ ದೋಷ ಸಂದೇಶ ಬರೆದು ಮುಚ್ಚಿಕೊಳ್ಳುತ್ತದೆ. ಆ ಕಡತದ ಹೆಸರನ್ನು ಬದಲಿಸಿ ಪಕ್ಕಕ್ಕಿಟ್ಟರೆ ಸಾಕು. ವೇಲ್ಯಾಂಡ್ ಆಧಾರಿತ ಡೆಸ್ಕ್‌ಟಾಪುಗಳು ಈ ಕಡತವನ್ನು ಓದುವುದೇ ಇಲ್ಲವಾದ್ದರಿಂದ, ಒಂದೇ ಗಣಕದಲ್ಲಿ ವೇಲ್ಯಾಂಡ್ ಅಧಿವೇಶನ ಸರಿಯಾಗಿ ನಡೆದು ಎಕ್ಸ್‌ಆರ್ಗ್ ಅಧಿವೇಶನ ಮಾತ್ರ ವಿಫಲವಾಗುವುದುಂಟು.

ಎರಡನೆಯದು ಬೂಟ್ ಲೋಡರ್ ಕರ್ನಲ್‌ಗೆ ಕೊಡುವ ಆಯ್ಕೆಗಳು. ಎನ್ವಿಡಿಯಾಕ್ಕೆ ಸಂಬಂಧಿಸಿದ ಆಯ್ಕೆಗಳು ಉಳಿದರೂ ಹೆಚ್ಚು ಹಾನಿಯಿಲ್ಲ. ಅಪಾಯಕಾರಿಯಾದದ್ದು ನೋಮೋಡ್‌ಸೆಟ್ ಎಂಬ ಆಯ್ಕೆ. ಎನ್ವಿಡಿಯಾ ಚಾಲಕವನ್ನು ಸ್ಥಾಪಿಸುವ ಮೊದಲು ತಾತ್ಕಾಲಿಕವಾಗಿ ಸೇರಿಸಿ ಮರೆತುಬಿಟ್ಟ ಈ ಪದವು ಎಎಂಡಿ ಮತ್ತು ಇಂಟೆಲ್ ಚಾಲಕಗಳನ್ನು ಕೆಲಸಕ್ಕಿಳಿಯದಂತೆ ತಡೆಯುತ್ತದೆ. ಆಗ ಡೆಸ್ಕ್‌ಟಾಪ್ ಕಾಣುತ್ತದೆ, ಆದರೆ ಎಲ್ಲವೂ ಆಮೆಯ ನಡಿಗೆಯಲ್ಲಿರುತ್ತದೆ. ವ್ಯವಸ್ಥೆಯ ಮಾಹಿತಿ ಪುಟದಲ್ಲಿ ಗ್ರಾಫಿಕ್ಸ್ ಎಂಬಲ್ಲಿ ಕಾರ್ಡಿನ ಹೆಸರಿನ ಬದಲು ಎಲ್‌ಎಲ್‌ವಿಎಂಪೈಪ್ ಎಂದಿದ್ದರೆ, ಚಿತ್ರಗಳನ್ನು ಬಿಡಿಸುತ್ತಿರುವುದು ಹೊಸ ಕಾರ್ಡಲ್ಲ, ಮುಖ್ಯ ಸಂಸ್ಕಾರಕ ಎಂದರ್ಥ. ದುಬಾರಿ ಕಾರ್ಡು ಹಾಕಿಯೂ ವೇಗ ಬರಲಿಲ್ಲವೆಂಬ ದೂರುಗಳಲ್ಲಿ ಮೊದಲು ಪರಿಶೀಲಿಸಬೇಕಾದ ಸಂಗತಿ ಇದು. ಮಾನಿಟರಿನ ಕೇಬಲನ್ನು ಕಾರ್ಡಿನ ಬದಲು ಮದರ್‌ಬೋರ್ಡಿನ ಕಿಂಡಿಗೆ ಚುಚ್ಚಿರುವುದು ಎರಡನೆಯದು.

ಮೂರನೆಯದು ಪರಿಸರ ಚರಾಂಶಗಳು. ವೇಲ್ಯಾಂಡ್ ಅಡಿಯಲ್ಲಿ ಎನ್ವಿಡಿಯಾ ಕಾರ್ಡನ್ನು ಸರಿಪಡಿಸಿಕೊಳ್ಳಲು, ಓಪನ್‌ಜಿಎಲ್‌ಗೂ ವಿಡಿಯೊ ವಿಸಂಕೇತನಕ್ಕೂ ಎನ್ವಿಡಿಯಾ ಗ್ರಂಥಾಲಯಗಳನ್ನೇ ಬಳಸಬೇಕೆಂಬ ಸೂಚನೆಗಳನ್ನು ಬಳಕೆದಾರರು ತಮ್ಮ ಖಾತೆಯ ಸಂರಚನೆಯಲ್ಲಿ ಬರೆದಿಟ್ಟಿರುತ್ತಾರೆ. ಇವು ಪ್ಯಾಕೇಜ್ ಅಳಿಸಿದರೆ ಹೋಗುವುದಿಲ್ಲ. ಹೊಸದಾಗಿ ಸೃಷ್ಟಿಸಿದ ಮತ್ತೊಂದು ಬಳಕೆದಾರ ಖಾತೆಯಲ್ಲಿ ಎಲ್ಲವೂ ಸರಿಯಿದ್ದು ಹಳೆಯ ಖಾತೆಯಲ್ಲಿ ಮಾತ್ರ ತೊಂದರೆ ಇದ್ದರೆ ಕಾರಣ ಬಹುಶಃ ಇಲ್ಲಿದೆ.

ಇಷ್ಟಾದ ಮೇಲೆ ಆರಂಭಿಕ ಸ್ಮೃತಿಚಿತ್ರಿಕೆಯನ್ನು, ಅಂದರೆ ಕರ್ನಲ್ ಮೊದಲ ಕ್ಷಣಗಳಲ್ಲಿ ಬಳಸುವ ಸಣ್ಣ ಕಡತವ್ಯವಸ್ಥೆಯನ್ನು, ಪುನಃ ನಿರ್ಮಿಸಬೇಕಾಗುತ್ತದೆ. ಆಟಗಳಿಗಾಗಿ ಸ್ಟೀಮ್ ಬಳಸುವವರಿಗೆ ವಲ್ಕನ್ ಚಾಲಕದ 64 ಬಿಟ್ ಆವೃತ್ತಿಯ ಜೊತೆ 32 ಬಿಟ್ ಆವೃತ್ತಿಯೂ ಬೇಕು. ಫ್ಲಾಟ್‌ಪ್ಯಾಕ್ ರೂಪದ ಅನ್ವಯಿಕೆಗಳು ಗ್ರಾಫಿಕ್ಸ್ ಗ್ರಂಥಾಲಯಗಳನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುವುದರಿಂದ ಅವುಗಳನ್ನೂ ಒಮ್ಮೆ ನವೀಕರಿಸಬೇಕು. ಆಟಗಳ ಶೇಡರ್ ಸಂಗ್ರಹ ಹೊಸ ಕಾರ್ಡಿಗಾಗಿ ಮತ್ತೆ ತಯಾರಾಗುವವರೆಗೆ ಮೊದಲ ಕೆಲವು ಓಟಗಳಲ್ಲಿ ತಡವರಿಕೆ ಸಹಜ.

ಎಎಂಡಿ ಅಥವಾ ಇಂಟೆಲ್‌ನಿಂದ ಎನ್ವಿಡಿಯಾಕ್ಕೆ

ಇಲ್ಲಿ ಹಳೆಯದನ್ನು ತೆಗೆಯುವ ಪ್ರಶ್ನೆ ಬಹುತೇಕ ಇಲ್ಲ. ಎಎಂಡಿಜಿಪಿಯು ಕರ್ನಲ್‌ನ ಭಾಗ. ಮೆಸಾವನ್ನು ಡೆಸ್ಕ್‌ಟಾಪಿನ ಅನೇಕ ಪ್ಯಾಕೇಜುಗಳು ಅವಲಂಬಿಸಿವೆ. ಶುಚಿಗೊಳಿಸುವ ಉತ್ಸಾಹದಲ್ಲಿ ಮೆಸಾವನ್ನು ಅಳಿಸಲು ಹೋದವರು ಡೆಸ್ಕ್‌ಟಾಪನ್ನೇ ಕಳೆದುಕೊಳ್ಳುವ ಸಾಧ್ಯತೆಯಿದೆ. ಎಎಂಡಿಯ ಜಾಲತಾಣದಿಂದ ಪ್ರತ್ಯೇಕ ಚಾಲಕ ಸಂಪುಟವನ್ನು ಹಾಕಿಕೊಂಡಿದ್ದರೆ ಮಾತ್ರ ಅದರೊಂದಿಗೆ ಬಂದ ಅಳಿಸುವ ಆದೇಶವನ್ನು ಚಲಾಯಿಸಬೇಕು.

ಹೊಸ ಚಾಲಕವನ್ನು ಎರಡು ಕ್ರಮಗಳಲ್ಲಿ ಸೇರಿಸಬಹುದು. ಹಳೆಯ ಕಾರ್ಡು ಇರುವಾಗಲೇ ಪ್ಯಾಕೇಜನ್ನು ಹೆಸರಿಸಿ ಸ್ಥಾಪಿಸಿ, ನಂತರ ಕಾರ್ಡು ಬದಲಿಸುವುದು ಒಂದು. ಉಬುಂಟುವಿನ ಸ್ವಯಂಪತ್ತೆ ಸಾಧನವು ಇನ್ನೂ ಜೋಡಿಸದ ಕಾರ್ಡನ್ನು ಕಾಣಲಾರದಾದ್ದರಿಂದ ಆವೃತ್ತಿಯನ್ನು ಬಳಕೆದಾರರೇ ಆರಿಸಬೇಕಾಗುತ್ತದೆ. ಕಾರ್ಡನ್ನು ಮೊದಲು ಬದಲಿಸಿ, ನೂವೋ ಅಥವಾ ಕರ್ನಲ್‌ನ ಸರಳ ಪ್ರದರ್ಶನ ಚಾಲಕ ಒದಗಿಸುವ ಸಾಧಾರಣ ಚಿತ್ರದಲ್ಲಿ ಕುಳಿತು ಸ್ಥಾಪಿಸುವುದು ಇನ್ನೊಂದು. ಆವೃತ್ತಿಯ ಆಯ್ಕೆಯಲ್ಲಿ ಪೀಳಿಗೆ ಮುಖ್ಯ. 2025ರಲ್ಲಿ ಮಾರುಕಟ್ಟೆಗೆ ಬಂದ ಜಿಫೋರ್ಸ್ 50 ಸರಣಿಯ ಕಾರ್ಡುಗಳು ಮುಕ್ತ ಮಾಡ್ಯೂಲುಗಳೊಂದಿಗೆ ಮಾತ್ರ ಕೆಲಸ ಮಾಡುತ್ತವೆ. ಟ್ಯೂರಿಂಗ್‌ಗಿಂತ ಹಳೆಯವು ಮುಚ್ಚಿದ ಮಾಡ್ಯೂಲುಗಳೊಂದಿಗೆ ಮಾತ್ರ.

ಚಾಲಕವು ಕರ್ನಲ್‌ನ ಹೊರಗಿರುವುದರ ನಿಜವಾದ ಪರಿಣಾಮ ಗೊತ್ತಾಗುವುದು ಸ್ಥಾಪನೆಯ ದಿನವಲ್ಲ, ಮುಂದಿನ ಕರ್ನಲ್ ನವೀಕರಣದ ದಿನ. ಪ್ರತಿ ಹೊಸ ಕರ್ನಲ್‌ಗೂ ಮಾಡ್ಯೂಲನ್ನು ಹೊಸದಾಗಿ ಕಟ್ಟಬೇಕು. ಡಿಕೆಎಂಎಸ್ ಎಂಬ ವ್ಯವಸ್ಥೆ ಈ ಕೆಲಸವನ್ನು ತಾನಾಗಿಯೇ ಮಾಡುತ್ತದೆ, ಫೆಡೋರಾದಲ್ಲಿ ಎಕೆಮಾಡ್ ಅದೇ ಪಾತ್ರ ವಹಿಸುತ್ತದೆ. ಕರ್ನಲ್‌ನ ಹೆಡರ್ ಕಡತಗಳು ಇಲ್ಲದಿದ್ದರೆ ಅಥವಾ ಹೊಸ ಕರ್ನಲ್‌ಗೆ ಚಾಲಕ ಇನ್ನೂ ಹೊಂದಿಕೊಂಡಿಲ್ಲದಿದ್ದರೆ ಈ ಕಟ್ಟುವಿಕೆ ಸದ್ದಿಲ್ಲದೆ ವಿಫಲವಾಗಿ, ಮರುದಿನ ಗಣಕ ತೆರೆದಾಗ ಡೆಸ್ಕ್‌ಟಾಪ್ ಬರುವುದಿಲ್ಲ. ಆದ್ದರಿಂದ ಎನ್ವಿಡಿಯಾ ಬಳಕೆದಾರರು ಬೂಟ್ ಪಟ್ಟಿಯಲ್ಲಿ ಹಿಂದಿನ ಕರ್ನಲ್ ಒಂದನ್ನು ಉಳಿಸಿಕೊಳ್ಳುವುದು ವಿವೇಕ.

ಸೆಕ್ಯೂರ್ ಬೂಟ್ ಸಕ್ರಿಯವಾಗಿರುವ ಗಣಕಗಳಲ್ಲಿ ಮತ್ತೊಂದು ಹೆಜ್ಜೆಯಿದೆ. ಸಹಿಯಿಲ್ಲದ ಮಾಡ್ಯೂಲನ್ನು ಕರ್ನಲ್ ನಿರಾಕರಿಸುತ್ತದೆ. ಗಣಕದಲ್ಲೇ ಕಟ್ಟಿದ ಮಾಡ್ಯೂಲಿಗೆ ಸ್ಥಳೀಯ ಕೀಲಿಯಿಂದ ಸಹಿ ಹಾಕಿ, ಆ ಕೀಲಿಯನ್ನು ನೋಂದಾಯಿಸಬೇಕು. ಉಬುಂಟು ಸ್ಥಾಪನೆಯ ವೇಳೆ ಒಂದು ಗುಪ್ತಪದವನ್ನು ಕೇಳಿ, ಮರುಆರಂಭದಲ್ಲಿ ನೀಲಿ ಹಿನ್ನೆಲೆಯ ಪರದೆಯಲ್ಲಿ ಅದನ್ನು ಮತ್ತೆ ಕೇಳುತ್ತದೆ. ಈ ಪರದೆಯನ್ನು ಗಮನಿಸದೆ ದಾಟಿಬಿಡುವವರು ಅನೇಕರು. ಚಾಲಕ ಸ್ಥಾಪನೆಯಾಗಿದ್ದೂ ಕಾರ್ಡು ಕೆಲಸ ಮಾಡದಿರುವುದಕ್ಕೆ ಇದು ತೀರ ಸಾಮಾನ್ಯವಾದ ಕಾರಣ. ಎಎಂಡಿ ಮತ್ತು ಇಂಟೆಲ್ ಮಾಡ್ಯೂಲುಗಳಿಗೆ ವಿತರಣೆಯವರೇ ಸಹಿ ಹಾಕಿರುವುದರಿಂದ ಆ ಬಳಕೆದಾರರಿಗೆ ಇದರ ಪರಿಚಯವೇ ಇರುವುದಿಲ್ಲ.

ವೇಲ್ಯಾಂಡ್‌ನೊಂದಿಗಿನ ಎನ್ವಿಡಿಯಾದ ಹಳೆಯ ವೈಷಮ್ಯ ಈಗ ಬಹುಮಟ್ಟಿಗೆ ತೀರಿದೆ. 2021ರಲ್ಲಿ 495 ಸರಣಿಯು ಇತರ ಚಾಲಕಗಳು ಬಳಸುವ ಜಿಬಿಎಂ ಪದ್ಧತಿಯನ್ನು ಒಪ್ಪಿಕೊಂಡಿತು. 2024ರ 555 ಸರಣಿಯು ಚಿತ್ರಗಳು ಮಿನುಗುವ, ಹಿಂದುಮುಂದಾಗುವ ತೊಂದರೆಯನ್ನು ನಿವಾರಿಸಿತು. ಇದಕ್ಕಿಂತ ಹಳೆಯ ಚಾಲಕದಲ್ಲಿ ನಿಂತುಹೋದ ಕಾರ್ಡುಗಳಿಗೆ ಎಕ್ಸ್‌ಆರ್ಗ್ ಅಧಿವೇಶನವೇ ವಾಸಿ.

ಪರದೆ ಕಪ್ಪಾದಾಗ

ಬದಲಾವಣೆಯ ನಂತರ ಪರದೆ ಕಪ್ಪಾಗಿ ಉಳಿದರೆ ದತ್ತಾಂಶ ನಷ್ಟವಾಯಿತೆಂದು ಭಾವಿಸಬೇಕಾಗಿಲ್ಲ. ಗ್ರಾಫಿಕ್ಸ್ ಕಾರ್ಡಿಗೂ ಡಿಸ್ಕಿನಲ್ಲಿರುವ ಕಡತಗಳಿಗೂ ಸಂಬಂಧವಿಲ್ಲ. ಬಯಾಸ್ ಪರದೆಯೂ ಕಾಣದಿದ್ದರೆ ದೋಷ ಲಿನಕ್ಸ್‌ನದಲ್ಲ, ಜೋಡಣೆ ಅಥವಾ ವಿದ್ಯುತ್ತಿನದು. ಬಯಾಸ್ ಕಂಡು ನಂತರ ಕತ್ತಲಾದರೆ ಚಾಲಕದ ಕಡೆ ನೋಡಬೇಕು. ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳ ಜೊತೆ ಎಫ್3 ಒತ್ತಿದರೆ ಪಠ್ಯರೂಪದ ಕನ್ಸೋಲ್ ಸಿಗುತ್ತದೆ. ಅದೂ ಬಾರದಿದ್ದರೆ ಬೂಟ್ ಪಟ್ಟಿಯಲ್ಲಿ ನೋಮೋಡ್‌ಸೆಟ್ ಆಯ್ಕೆಯನ್ನು ಆ ಒಂದು ಬಾರಿಗೆ ಸೇರಿಸಿ ಒಳಹೊಕ್ಕು, ದುರಸ್ತಿಯ ನಂತರ ಅದಿಲ್ಲದೆ ಆರಂಭಿಸಬೇಕು. ಎಲ್‌ಎಸ್‌ಪಿಸಿಐ ಆದೇಶವು ಕಾರ್ಡಿನ ಹೆಸರನ್ನೂ ಅದನ್ನು ನಡೆಸುತ್ತಿರುವ ಮಾಡ್ಯೂಲನ್ನೂ ತೋರಿಸಬಲ್ಲದು. ಮಾಡ್ಯೂಲಿನ ಸಾಲು ಖಾಲಿಯಿದ್ದರೆ ಚಾಲಕ ತುಂಬಿಕೊಂಡಿಲ್ಲ.

ಕನ್ನಡದಲ್ಲಿ ಲಿನಕ್ಸ್ ಬಳಸುವವರು ಇಲ್ಲೊಂದು ವಿಚಿತ್ರವನ್ನು ಎದುರಿಸುತ್ತಾರೆ. ಕರ್ನಲ್‌ನ ಪಠ್ಯ ಕನ್ಸೋಲ್ ಭಾರತೀಯ ಲಿಪಿಗಳನ್ನು ಮೂಡಿಸಲಾರದು. ವ್ಯವಸ್ಥೆಯ ಭಾಷೆ ಕನ್ನಡವಾಗಿದ್ದರೆ ಅನುವಾದಗೊಂಡ ಸಂದೇಶಗಳು ಅಲ್ಲಿ ಬರಿಯ ಚೌಕಗಳಾಗಿ ಕಾಣುತ್ತವೆ, ಮತ್ತು ಓದಲೇಬೇಕಾದ ಹೊತ್ತಿನಲ್ಲಿ ದೋಷದ ವಿವರ ಓದಲು ಸಿಗುವುದಿಲ್ಲ. ಆ ಅಧಿವೇಶನದ ಮಟ್ಟಿಗೆ ಭಾಷಾ ಚರಾಂಶವನ್ನು ಸಿ ಎಂಬ ಮೂಲ ಮೌಲ್ಯಕ್ಕೆ ಬದಲಿಸಿದರೆ ಸಂದೇಶಗಳು ಇಂಗ್ಲಿಷಿನಲ್ಲಿ ಸ್ಪಷ್ಟವಾಗುತ್ತವೆ. ಡೆಸ್ಕ್‌ಟಾಪಿನ ಒಳಗೆ ಈ ಸಮಸ್ಯೆಯಿಲ್ಲ. ಒತ್ತಕ್ಷರಗಳ ಜೋಡಣೆಯನ್ನು ನಿರ್ಧರಿಸುವುದು ಹಾರ್ಫ್‌ಬಜ್ ಎಂಬ ಗ್ರಂಥಾಲಯ, ಅದು ನಡೆಯುವುದು ಮುಖ್ಯ ಸಂಸ್ಕಾರಕದಲ್ಲಿ. ಕಾರ್ಡು ಯಾವುದಾದರೂ ಕನ್ನಡದ ಅಕ್ಷರ ಒಂದೇ ತೆರನಾಗಿ ಮೂಡುತ್ತದೆ.

ಸೌಲಭ್ಯಗಳ ವ್ಯತ್ಯಾಸ

ಚಾಲಕ ಸರಿಯಾಗಿ ತುಂಬಿಕೊಂಡ ಮಾತ್ರಕ್ಕೆ ಹಳೆಯ ಕಾರ್ಡಿನ ಎಲ್ಲ ಸೌಲಭ್ಯಗಳೂ ಹೊಸದರಲ್ಲಿ ಸಿಗುತ್ತವೆಂದಲ್ಲ. ಕುಡಾ ಎನ್ವಿಡಿಯಾಕ್ಕೆ ಸೀಮಿತ. ಎಎಂಡಿಯ ಆರ್‌ಒಸಿಎಂ ವೇದಿಕೆ ಮುಕ್ತವಾಗಿದ್ದರೂ ಅಧಿಕೃತ ಬೆಂಬಲವಿರುವ ಕಾರ್ಡುಗಳ ಪಟ್ಟಿ ಚಿಕ್ಕದು. ಕೊಳ್ಳುವ ಮೊದಲು ಅದನ್ನು ನೋಡಬೇಕು. ಬ್ಲೆಂಡರ್ ತಂತ್ರಾಂಶವು ಮೂರೂ ತಯಾರಕರ ಕಾರ್ಡುಗಳನ್ನು ಬಳಸಬಲ್ಲದು, ಆದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಪೂರಕ ಗ್ರಂಥಾಲಯಗಳು ಬೇಕು.

ಮುಕ್ತ ಚಾಲಕವೇ ಬಳಕೆದಾರರಿಗೆ ತೊಡಕಾಗುವ ಸಂದರ್ಭವೂ ಇದೆ. ಎಚ್‌ಡಿಎಂಐ 2.1 ಮಾನದಂಡದ ಅನುಷ್ಠಾನವನ್ನು ಮುಕ್ತ ಆಕರವಾಗಿ ಪ್ರಕಟಿಸಲು ಎಎಂಡಿ ಮಾಡಿದ ಪ್ರಸ್ತಾವವನ್ನು ಎಚ್‌ಡಿಎಂಐ ವೇದಿಕೆ ತಿರಸ್ಕರಿಸಿತೆಂದು 2024ರ ಫೆಬ್ರವರಿಯಲ್ಲಿ ತಿಳಿದುಬಂತು. 4ಕೆ ದೂರದರ್ಶನವನ್ನು ಎಚ್‌ಡಿಎಂಐ ಮೂಲಕ 120 ಹರ್ಟ್ಜ್‌ನಲ್ಲಿ ಪೂರ್ಣ ವರ್ಣವಿವರದೊಂದಿಗೆ ನಡೆಸುತ್ತಿದ್ದ ಎನ್ವಿಡಿಯಾ ಬಳಕೆದಾರರು ಎಎಂಡಿಗೆ ಬಂದಾಗ ಈ ಕಾರಣಕ್ಕೆ ಆ ಸೌಲಭ್ಯವನ್ನು ಕಳೆದುಕೊಂಡರು. ಡಿಸ್‌ಪ್ಲೇಪೋರ್ಟ್ ಕಿಂಡಿಯುಳ್ಳ ಮಾನಿಟರುಗಳಿಗೆ ಈ ಅಡ್ಡಿಯಿಲ್ಲ.

ವಿಡಿಯೊ ವಿಸಂಕೇತನದಲ್ಲಿಯೂ ಇಂತಹುದೇ ಸ್ಥಿತಿ. ಪೇಟೆಂಟ್ ಕಾರಣದಿಂದ ಫೆಡೋರಾ 2022ರಲ್ಲಿ ತನ್ನ ಮೆಸಾ ಪ್ಯಾಕೇಜಿನಿಂದ ಎಚ್.264 ಮತ್ತು ಎಚ್.265 ವಿಡಿಯೊಗಳಿಗೆ ಕಾರ್ಡಿನ ನೆರವು ಪಡೆಯುವ ಭಾಗವನ್ನು ಕೈಬಿಟ್ಟಿತು. ಫೆಡೋರಾದಲ್ಲಿ ಎಎಂಡಿ ಕಾರ್ಡು ಹಾಕಿದವರು ಅದನ್ನು ಮರಳಿ ಪಡೆಯಲು ಆರ್‌ಪಿಎಂ ಫ್ಯೂಷನ್‌ನಲ್ಲಿರುವ ಪರ್ಯಾಯ ಪ್ಯಾಕೇಜನ್ನು ಸ್ಥಾಪಿಸಿಕೊಳ್ಳುತ್ತಾರೆ. ಎನ್ವಿಡಿಯಾ ಚಾಲಕಕ್ಕಾಗಿ ಹಿಂದೆ ಸೇರಿಸಿದ್ದ ಅದೇ ಭಂಡಾರ ಹೀಗೆ ಎನ್ವಿಡಿಯಾ ಹೋದ ಮೇಲೂ ಗಣಕದಲ್ಲಿ ಉಳಿಯುತ್ತದೆ.